ಲಿಂಗಗಳು ಊರು ಬಿಟ್ಟು ಹೊರಟ ದಿನ
(ಪೂಜ್ಯ ವಸ್ತುಗಳ ಅವಮಾನ ಕುರಿತು ಯಾತ್ರಿಕರಿಗೆ ಒಂದು ಧರ್ಮಚಿಂತನೆ)



ಸುರಪುರ ಸೀಮೆಯ ಕೆಂಭಾವಿ ಎಂದರೆ ಶರಣ ಭೋಗಯ್ಯನ ಊರು. ಭೋಗಣ್ಣ ಅಂತಲೂ ಕರೆಯುತ್ತಾರೆ. ಸಮೀಪದ ಮುದನೂರು ದೇವರ ದಾಸಿಮಯ್ಯನ ಊರು. ಇಂಥ ಪುಣ್ಯಭೂಮಿಯಲ್ಲಿ ಕಾಲಿಟ್ಟವರು ಕೈಮುಗಿದು ಕಾಯಿ ಒಡೆಸಿ ಹೋದರೆ ಸಾಲದು. ಈ ಮಣ್ಣು ಹೇಳುವ ಒಂದು ಮಾತನ್ನು ಕಿವಿಯಲ್ಲಿ ಹಾಕಿಕೊಂಡು ಹೋಗಬೇಕು. ದೇವರಿಗೆ ಅವಮಾನ ಎಂದರೆ ಯಾವುದು? ಅದನ್ನು ಮಾಡುವವರು ಯಾರು? ಈ ಪ್ರಶ್ನೆಗೆ ಭೋಗಯ್ಯನ ಕಥೆಯಲ್ಲಿಯೇ ಉತ್ತರವಿದೆ.

ಭೋಗಯ್ಯನ ಮನೆ

ಮಹಾಕವಿ ಹರಿಹರನು ಭೋಗಣ್ಣನ ಮೇಲೆ ಒಂದು ರಗಳೆಯನ್ನೇ ಬರೆದಿದ್ದಾನೆ. ಭಕ್ತರ ಬಾಯಲ್ಲಿ ಉಳಿದು ಬಂದ ಕಥೆ ಹೀಗಿದೆ. ಭೋಗಯ್ಯನದು ನಿತ್ಯ ದಾಸೋಹದ ಮನೆ. ಬಂದವರಿಗೆ ಇಲ್ಲ ಎನ್ನುವ ಮಾತೇ ಇಲ್ಲ. ಇವನ ಭಕ್ತಿ ಪರೀಕ್ಷಿಸಬೇಕು ಎಂದು ಶಿವನು ಒಂದು ದಿನ ಊರವರು ಹೊರಗಿಟ್ಟ ಕುಲದವನ ವೇಷ ತೊಟ್ಟು ಬಂದ. ಭೋಗಯ್ಯ ಕುಲ ಕೇಳಲಿಲ್ಲ. ಬನ್ನಿ ಅಂತ ಒಳಗೆ ಕರೆದ, ಉಣಿಸಿದ, ಸತ್ಕರಿಸಿದ.

ಊರೆಲ್ಲ ಸಿಟ್ಟಿಗೆದ್ದಿತು. ಮುಟ್ಟಬಾರದವನನ್ನು ಮನೆಯೊಳಗೆ ಕರೆದು ಧರ್ಮಕ್ಕೆ ಅವಮಾನ ಮಾಡಿದ, ಊರನ್ನೇ ಮೈಲಿಗೆ ಮಾಡಿದ ಎಂದು ದೊರೆಯ ಹತ್ತಿರ ದೂರು ಹೋಯಿತು. ಊರು ಬಿಡಬೇಕು ಎಂದು ಅಪ್ಪಣೆಯಾಯಿತು. ಭೋಗಯ್ಯ ಜಗಳಾಡಲಿಲ್ಲ, ಶಾಪ ಹಾಕಲಿಲ್ಲ. ಸುಮ್ಮನೆ ಹೊರಟ. ಅವನು ಹೊರಟಾಗ ಕೆಂಭಾವಿಯ ಗುಡಿಗಳಲ್ಲಿದ್ದ ಲಿಂಗಗಳೆಲ್ಲ ಪೀಠ ಬಿಟ್ಟು ಎದ್ದು ಅವನ ಹಿಂದೆಯೇ ಉರುಳುತ್ತಾ ಹೊರಟವಂತೆ! ಗುಡಿ ಇದೆ, ಗಂಟೆ ಇದೆ, ದೇವರು ಮಾತ್ರ ಇಲ್ಲ. ಆಗ ಊರವರ ಕಣ್ಣು ತೆರೆಯಿತು. ಓಡಿಹೋಗಿ ಕಾಲಿಗೆ ಬಿದ್ದು ಭೋಗಯ್ಯನನ್ನು ಹಿಂದಕ್ಕೆ ಕರೆತಂದರು.

ವಿಚಾರ ಮಾಡಿ ನೋಡಿರಿ. ಆ ಊರಲ್ಲಿ ಯಾರೂ ಲಿಂಗವನ್ನು ಒಡೆದಿರಲಿಲ್ಲ. ಗ್ರಂಥ ಸುಟ್ಟಿರಲಿಲ್ಲ. ಮೂರು ಹೊತ್ತೂ ಪೂಜೆ ನಡೆದಿತ್ತು. ಆದರೂ ದೇವರು ಎದ್ದು ಹೋದ. ಯಾಕೆ? ಮನುಷ್ಯನನ್ನು ತುಚ್ಛ ಎಂದು ಹೊರಗೆ ನೂಕಿದ್ದೇ ಅಲ್ಲಿ ನಡೆದ ಅವಮಾನ. ಕಲ್ಲಿಗೆ ಮಾಡಿದ ಅಪಚಾರವನ್ನು ದೇವರು ಕ್ಷಮಿಸಿಯಾನು. ಆ ಕಲ್ಲಿನಲ್ಲಿ ದೇವರನ್ನು ಕಾಣುವ ಮನುಷ್ಯನ ಎದೆಗೆ ಒದ್ದರೆ ಅದು ಅವನಿಗೇ ತಗಲುತ್ತದೆ. ಪೂಜ್ಯ ವಸ್ತುವಿನ ಅವಮಾನ ಯಾಕೆ ತಪ್ಪು ಎಂಬುದರ ಬೇರು ಇಲ್ಲಿದೆ.

ಸನ್ನತಿಯ ಕಲ್ಲು

ಇಲ್ಲಿಗೆ ಸಮೀಪದಲ್ಲೇ, ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಗೆ ಸನ್ನತಿ ಇದೆ. ಚಂದ್ರಲಾಂಬಾ ತಾಯಿಯ ಕ್ಷೇತ್ರ. 1980ರ ದಶಕದಲ್ಲಿ ಅಲ್ಲಿಯ ಕಾಳಿಕಾ ಗುಡಿಯ ಮಾಳಿಗೆ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಬ್ರಾಹ್ಮಿ ಅಕ್ಷರ! ಅದು ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕ ಚಕ್ರವರ್ತಿಯ ಧರ್ಮಶಾಸನ. ಮೂರ್ತಿಯನ್ನು ಕೂಡಿಸಲು ಯಾರೋ ಕಲ್ಲಿನ ನಡುವೆ ಚೌಕ ಕೊರೆದಿದ್ದರು. ಎಷ್ಟೋ ಅಕ್ಷರಗಳು ಹೋಗಿದ್ದವು.

ಇದು ಅವಮಾನವೇ? ಅಲ್ಲ. ಕೊರೆದವನಿಗೆ ಲಿಪಿ ಗೊತ್ತಿರಲಿಲ್ಲ. ತಾಯಿಗೆ ಒಂದು ಗಟ್ಟಿ ಪೀಠ ಬೇಕಾಗಿತ್ತು, ಭಕ್ತಿಯಿಂದ ಕೊರೆದ. ಕೈ ಮಾಡಿದ ಕೆಲಸವನ್ನು ಮನಸ್ಸು ನೋಡಿ ಅಳೆಯಬೇಕು. ಬೆಂಕಿಯನ್ನೇ ನೋಡಿ. ಸಿಖ್ಖರು ಜೀರ್ಣವಾದ ಗ್ರಂಥಸಾಹೇಬಕ್ಕೆ ಗೌರವದಿಂದ ಅಗ್ನಿಸಂಸ್ಕಾರ ಮಾಡುತ್ತಾರೆ. ಮುಸಲ್ಮಾನರು ಹಳತಾದ ಕುರಾನಿನ ಪುಟಗಳನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ ಮಣ್ಣಿಗೆ ಒಪ್ಪಿಸುತ್ತಾರೆ. ಅದೇ ಬೆಂಕಿಯನ್ನು ಬಜಾರಿನಲ್ಲಿ ನಾಲ್ಕು ಮಂದಿ ಸೇರಿಸಿ, ಬೇರೆಯವರ ಗ್ರಂಥಕ್ಕೆ ಅವರು ಉರಿಯಲಿ ಎಂದೇ ಹಚ್ಚಿದರೆ ಅದು ಪಾಪ. ಬೆಂಕಿ ಒಂದೇ, ಮನಸ್ಸು ಬೇರೆ.

ಆ ಸನ್ನತಿ ಕಲ್ಲಿನ ಮೇಲೆ ಅಶೋಕನ 12ನೆಯ ಶಾಸನವೂ ಇದೆ. ಅದರ ತಾತ್ಪರ್ಯವನ್ನು ಯಾತ್ರಿಕರು ಮನೆಗೆ ಒಯ್ಯಬೇಕು: ತನ್ನ ಮತದ ಮೇಲಿನ ಮೋಹದಿಂದ ಅನ್ಯಮತವನ್ನು ಹಳಿಯುವವನು ತನ್ನ ಮತಕ್ಕೇ ಹೆಚ್ಚಿನ ಕೇಡು ಮಾಡುತ್ತಾನೆ. ಮೇಲೆ ನೋಡಿ ಉಗುಳಿದರೆ ತನ್ನ ಮುಖಕ್ಕೇ ಬೀಳುತ್ತದೆ ಎಂದು ಹಿರಿಯರು ಹೇಳುವುದೂ ಇದನ್ನೇ.

ಹಳೇಬೀಡಿನ ಕಂಬ

ಬರೀ ಮಾತು ಬೇಡ, ನಡೆದದ್ದು ಹೇಳಿ ಎನ್ನುವವರಿಗೆ ಹಳೇಬೀಡಿನ ಒಂದು ಶಾಸನವಿದೆ, ಕ್ರಿ.ಶ. 1638ರದು. ಅಲ್ಲಿಯ ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಎಂಬ ವೀರಶೈವ ಮುಖ್ಯಸ್ಥನು ಲಿಂಗಮುದ್ರೆ ಒತ್ತಿದ. ವಿಜಯಪ್ಪ ಎಂಬ ಜೈನ ಗೃಹಸ್ಥನು ಅದನ್ನು ಅಳಿಸಿದ. ಒಬ್ಬನಿಗೆ ತನ್ನ ಬಸದಿ ಕೆಟ್ಟಿತೆಂಬ ನೋವು, ಇನ್ನೊಬ್ಬರಿಗೆ ತಮ್ಮ ಲಿಂಗ ಅಳಿಯಿತೆಂಬ ನೋವು. ಕತ್ತಿ ಹಿರಿಯಲು ಇಷ್ಟು ಸಾಕಾಗಿತ್ತು.

ಆದರೆ ಕತ್ತಿ ಹಿರಿಯಲಿಲ್ಲ. ಪದ್ಮಣ್ಣಸೆಟ್ಟಿ ಮೊದಲಾದ ಜೈನ ಪ್ರಮುಖರು ಬಂದು ಅರಿಕೆ ಮಾಡಿಕೊಂಡರು. ವೀರಶೈವರ ಮಹಾಮಹತ್ತಿನ ಹಿರಿಯರು ಸಭೆ ಸೇರಿ ತೀರ್ಮಾನ ಮಾಡಿದರು. ಮೊದಲು ವಿಭೂತಿ ವೀಳ್ಯ ಸಲ್ಲಿಸಿ, ಆಮೇಲೆ ಜೈನರು ತಮ್ಮ ಪೂಜೆ ಉತ್ಸವಗಳನ್ನು ಹಿಂದಿನಿಂದ ನಡೆದು ಬಂದಂತೆ ಸೂರ್ಯಚಂದ್ರರಿರುವವರೆಗೂ ನಡೆಸಿಕೊಳ್ಳಬಹುದು ಎಂದರು. ಮೊದಲ ಮರ್ಯಾದೆಯನ್ನು ಬಲವಿದ್ದವರೇ ಇಟ್ಟುಕೊಂಡರು, ಅದು ನಿಜ. ಆದರೆ ಮುಂದಿನ ಮಾತು ದೊಡ್ಡದು. ಈ ಜೈನಧರ್ಮಕ್ಕೆ ಅಡ್ಡಿ ಮಾಡಿದವನು ಶಿವದ್ರೋಹಿ, ಜಂಗಮದ್ರೋಹಿ ಎಂದು ಶಾಸನದಲ್ಲಿ ಬರೆಸಿದರು. ಅಂದರೆ, ಪರರ ಬಸದಿಗೆ ಕೈ ಹಚ್ಚಿದವನು ತನ್ನ ಶಿವನಿಗೇ ದ್ರೋಹಿ! ತಮ್ಮವರ ಕೈಯನ್ನು ತಾವೇ ಹಿಡಿದು ನಿಲ್ಲಿಸುವವರು ನಿಜವಾದ ಹಿರಿಯರು.

ಅದಕ್ಕೂ ಮುಂಚೆ, 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ರಾಜಿ ಮಾಡಿಸಿದ. ಶ್ರವಣಬೆಳಗೊಳದ ಶಾಸನ ಇದಕ್ಕೆ ಸಾಕ್ಷಿ. ಕನ್ನಡ ನಾಡಿನಲ್ಲಿ ಮೂರ್ತಿ ಒಡೆದ ಕಥೆಗಳೂ ಇವೆ, ಇಲ್ಲ ಎನ್ನಬಾರದು. ಅಬ್ಬಲೂರಿನ ಶಾಸನವೇ ಏಕಾಂತದ ರಾಮಯ್ಯನು ಜಿನಮೂರ್ತಿಯನ್ನು ಒಡೆದದ್ದನ್ನು ಹೇಳುತ್ತದೆ. ಹಿರಿಯರು ಎರಡು ದಾರಿಯನ್ನೂ ನಡೆದು ತೋರಿಸಿದ್ದಾರೆ. ಯಾವ ದಾರಿಯಲ್ಲಿ ಮಕ್ಕಳು ನೆಮ್ಮದಿಯಿಂದ ಉಂಡು ಮಲಗಿದರು ಎಂಬುದನ್ನು ನೋಡಿ ಆರಿಸಿಕೊಳ್ಳಬೇಕು.

ಮಹಾಡದ ಬೆಂಕಿ

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಡಾ. ಬಾಬಾಸಾಹೇಬ ಅಂಬೇಡ್ಕರರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿಯನ್ನು ಬಹಿರಂಗವಾಗಿ ಸುಡಿಸಿದರಲ್ಲ, ಅದೂ ಅವಮಾನವೇ ಎಂದು ಕೇಳುವವರಿದ್ದಾರೆ. ಉತ್ತರ ಹೇಳುವ ಮುಂಚೆ ಅದೇ ವರ್ಷದ ಮಾರ್ಚ್ ತಿಂಗಳನ್ನು ನೆನೆಯಬೇಕು. ಮಹಾಡದ ಚವದಾರ ಕೆರೆಯಲ್ಲಿ ದನ ಎಮ್ಮೆ ನೀರು ಕುಡಿಯಬಹುದಿತ್ತು, ಕೆಲವು ಮನುಷ್ಯರು ಕುಡಿಯಬಾರದಾಗಿತ್ತು. ಅಂಬೇಡ್ಕರರೂ ಅವರ ಸಂಗಡಿಗರೂ ಬೊಗಸೆ ನೀರು ಕುಡಿದರು. ಆಮೇಲೆ ಊರವರು ಕೆರೆ ಮೈಲಿಗೆಯಾಯಿತೆಂದು ಮಂತ್ರ ಹೇಳಿಸಿ ಶುದ್ಧಿ ಮಾಡಿದರು. ಕೆಂಭಾವಿಯ ಕಥೆಯೇ ಅಲ್ಲವೇ ಇದು? ಭೋಗಯ್ಯನ ಮನೆಗೆ ಬಂದವನೇ ಮಹಾಡದ ಕೆರೆಗೂ ಬಂದಿದ್ದ. ಅಲ್ಲಿಯೂ ಊರು ಅವನ ಗುರುತು ಹಿಡಿಯಲಿಲ್ಲ.

ಡಿಸೆಂಬರಿನ ಆ ಸಭೆಯಲ್ಲಿ ಮುಂದೆ ನಿಂತವರಲ್ಲಿ ಗಂಗಾಧರ ನೀಲಕಂಠ ಸಹಸ್ರಬುದ್ಧೆ ಎಂಬ ಬ್ರಾಹ್ಮಣರೂ ಇದ್ದರು. ಅವರು ನೆರೆಯವರ ದೇವರಕೋಣೆಗೆ ನುಗ್ಗಲಿಲ್ಲ, ಯಾರ ಪೂಜೆಯನ್ನೂ ಗೇಲಿ ಮಾಡಲಿಲ್ಲ. ತಮ್ಮ ಕುತ್ತಿಗೆಯ ಮೇಲೆ ಕುಳಿತಿದ್ದ ಕಟ್ಟಳೆಯನ್ನು ಒಲ್ಲೆವು ಎಂದರು. ಆ ಬೆಂಕಿಯಿಂದ ನೊಂದವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ನೋವನ್ನೂ ಸುಳ್ಳೆನ್ನಬಾರದು. ಆದರೆ ತುಳಿಸಿಕೊಂಡವನು ಏಳಲು ಮಾಡಿದ್ದನ್ನೂ ಇನ್ನೊಬ್ಬನನ್ನು ತುಳಿಯಲು ಮಾಡಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಧರ್ಮವಲ್ಲ. ಶರಣರೂ ಶಾಸ್ತ್ರಗಳನ್ನು ಪ್ರಶ್ನಿಸಿದರು, ಕಟುವಾಗಿಯೇ ಪ್ರಶ್ನಿಸಿದರು. ಪ್ರಶ್ನೆ ಬೇರೆ, ಅವಮಾನ ಬೇರೆ. ಪ್ರಶ್ನೆ ಕೇಳುವವನಿಗೆ ಉತ್ತರ ಬೇಕು. ಅವಮಾನ ಮಾಡುವವನಿಗೆ ಎದುರಿನವನ ಕಣ್ಣೀರು ಮಾತ್ರ ಬೇಕು.

ಮಣ್ಣಿನ ಗಣಪತಿ ಮತ್ತು ಕಾನೂನು

1953ರಲ್ಲಿ ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಪೆರಿಯಾರ್ ಇ.ವಿ. ರಾಮಸ್ವಾಮಿಯವರು ಬಹಿರಂಗ ಸಭೆಯಲ್ಲಿ ಮಣ್ಣಿನ ಗಣಪತಿಯನ್ನು ಒಡೆದರು. ಜಾತಿಯ ಅನ್ಯಾಯದ ವಿರುದ್ಧ ಅವರು ಮಾಡಿದ ಹೋರಾಟ ದೊಡ್ಡದು. ಆದರೂ ಗಣಪತಿಗೆ ಕೈಮುಗಿಯುವ ಬಡವನ ಮನಸ್ಸು ಅಂದು ನೊಂದಿತು. ಮೊಕದ್ದಮೆಯಾದಾಗ ಕೆಳಗಿನ ಕೋರ್ಟುಗಳು, ಮಣ್ಣಿನ ಗೊಂಬೆ ಅದು, ಗುಡಿಯಲ್ಲಿ ಪ್ರತಿಷ್ಠೆಯಾದ ಮೂರ್ತಿಯಲ್ಲ ಎಂದು ದೂರನ್ನು ತಳ್ಳಿದವು. 1958ರಲ್ಲಿ ಸುಪ್ರೀಂ ಕೋರ್ಟು, ವರ್ಷಗಳು ಕಳೆದಿವೆ ಎಂದು ಆ ಕೇಸನ್ನು ಮುಂದುವರಿಸಲಿಲ್ಲ. ಆದರೆ ಒಂದು ಮಾತನ್ನು ಸ್ಪಷ್ಟ ಮಾಡಿತು: ಒಂದು ಜನವರ್ಗ ಪವಿತ್ರ ಎಂದು ನಂಬಿದ ವಸ್ತು ಎಷ್ಟೇ ಚಿಕ್ಕದಿರಲಿ, ಅದಕ್ಕೆ ಕಾನೂನಿನ ರಕ್ಷಣೆಯಿದೆ, ಕೋರ್ಟು ಆ ನಂಬಿಕೆಯನ್ನು ಒಪ್ಪಲಿ ಬಿಡಲಿ, ಗೌರವಿಸಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದಕ್ಕೆ ಕಲಮುಗಳಿವೆ. ಅವಮಾನದ ಉದ್ದೇಶದಿಂದ ಪೂಜಾಸ್ಥಳವನ್ನು ಅಥವಾ ಪವಿತ್ರ ವಸ್ತುವನ್ನು ಕೆಡಿಸಿದರೆ 298ನೆಯ ಕಲಮಿನಂತೆ 2 ವರ್ಷದವರೆಗೆ, ಬೇಕೆಂದೇ ದುರುದ್ದೇಶದಿಂದ ಧರ್ಮವನ್ನು ಹೀಯಾಳಿಸಿ ಭಾವನೆ ಕೆರಳಿಸಿದರೆ 299ನೆಯ ಕಲಮಿನಂತೆ 3 ವರ್ಷದವರೆಗೆ ಸಜೆಯಾಗಬಹುದು. ಇಲ್ಲಿಯೂ ಕಾನೂನು ಮೊದಲು ಕೇಳುವುದು ಉದ್ದೇಶವನ್ನೇ.

ಹೀಗಿರುವಾಗ ಭಕ್ತನ ಕೆಲಸವೇನು? ಇಂಥ ಕಡೆ ಇಂಥವರು ಹೀಗೆ ಮಾಡಿದರು ಎಂದು ಮೊಬೈಲಿನಲ್ಲಿ ಒಂದು ಚಿತ್ರ ಬಂದರೆ ಅದನ್ನು ಹತ್ತು ಮಂದಿಗೆ ದಾಟಿಸಬಾರದು. ಅವಮಾನ ಮಾಡಿದವನು ಒಂದು ಸಲ ಮಾಡಿದ. ದಾಟಿಸಿದವನು ಹತ್ತು ಸಲ ಮಾಡಿದ ಹಾಗಾಯಿತು. ಖರೆ ಏನೆಂದು ತಿಳಿದುಕೊಂಡು, ನಿಜವಿದ್ದರೆ ಠಾಣೆಗೆ ದೂರು ಕೊಡಬೇಕು. ಒಬ್ಬ ಹುಡುಗ ಮಾಡಿದ ತಪ್ಪಿಗೆ ಅವನ ಓಣಿಯ ಮೇಲೆ ಕಲ್ಲು ಬೀಳಬಾರದು. ಅಂಗಡಿ ಸುಟ್ಟುಕೊಂಡ ಬಡವನು ಗ್ರಂಥವನ್ನೂ ಸುಟ್ಟಿರುವುದಿಲ್ಲ, ಮೂರ್ತಿಯನ್ನೂ ಒಡೆದಿರುವುದಿಲ್ಲ. ಅವನ ಮನೆಯ ಒಲೆ ಆರಿದರೆ ಯಾವ ದೇವರು ಮೆಚ್ಚುತ್ತಾನೆ? ಇದೇ ಸೀಮೆಯ ತಿಂಥಣಿಯಲ್ಲಿ ಕೃಷ್ಣಾ ತೀರದ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಆ ನಡಾವಳಿಯನ್ನು ಒಂದು ಮೊಬೈಲ್ ಚಿತ್ರಕ್ಕಾಗಿ ಕಳೆದುಕೊಳ್ಳಬಾರದು.

ಗೊತ್ತಿಲ್ಲದೆ ಮಾಡುವ ಅವಮಾನ

ಪರರು ಮಾಡಿದ್ದಕ್ಕೆ ಸಿಟ್ಟಾಗುವ ಮುಂಚೆ ಭಕ್ತರು ತಮ್ಮ ಕೈಯನ್ನೂ ನೋಡಿಕೊಳ್ಳಬೇಕು. ಗೋಡೆಯ ಬುಡದಲ್ಲಿ ಜನ ಮೂತ್ರ ಮಾಡಬಾರದು ಎಂದು ಶಿವ, ಏಸು, ಕಾಬಾ ಚಿತ್ರಗಳ ಟೈಲ್ಸ್ ಹಚ್ಚುತ್ತಾರೆ. ದೇವರನ್ನು ಅಂಥ ಜಾಗದಲ್ಲಿ ಕಾವಲಿಗೆ ನಿಲ್ಲಿಸುವುದು ಯಾವ ಭಕ್ತಿ? ಊದಿನಕಡ್ಡಿಯ ಪಾಕೀಟಿನ ಮೇಲೆ ದೇವರು, ಪಟಾಕಿಯ ಮೇಲೆ ಲಕ್ಷ್ಮಿ, ಲಗ್ನಪತ್ರಿಕೆಯ ಮೇಲೆ ಗಣಪತಿ. ಮರುದಿನ ಎಲ್ಲವೂ ಗಟಾರದಲ್ಲಿ. ಒಡೆದ ಫೋಟೋಗಳನ್ನು ಅರಳಿಮರದ ಬುಡಕ್ಕೆ ಒಗೆದು ಕೈತೊಳೆದುಕೊಳ್ಳುತ್ತಾರೆ. ಬೆಟ್ಟ ಹತ್ತಿ ಬಂದವರು ಸಾವಿರ ವರ್ಷದ ಕಲ್ಲಿನ ಮೇಲೆ ಮೊಳೆಯಿಂದ ಹೆಸರು ಕೆತ್ತುತ್ತಾರೆ, ಶಾಸನದ ಮೇಲೆ ಸುಣ್ಣ ಬಳಿಯುತ್ತಾರೆ, ಮೆಟ್ಟಿಲ ಮೇಲೆ ಎಲೆಅಡಿಕೆ ಉಗುಳುತ್ತಾರೆ. ಇದನ್ನೆಲ್ಲ ಮಾಡುವವರು ಅನ್ಯಮತದವರಲ್ಲ.

ಆದ್ದರಿಂದ ಯಾತ್ರಿಕರಲ್ಲಿ ಇಷ್ಟೇ ವಿನಂತಿ. ದೇವರ ಚಿತ್ರವಿರುವ ಹಳೆಯ ಕಾಗದವನ್ನು ನೀರಲ್ಲಿ ನೆನೆಸಿ ಗಿಡದ ಬುಡದಲ್ಲಿ ಶುಭ್ರ ಮಣ್ಣು ಮುಚ್ಚಿರಿ. ಫೋಟೋದ ಗಾಜು ಕಟ್ಟು ಬೇರೆ ಮಾಡಿರಿ. ಈ ಪುಸ್ತಕವನ್ನೂ ಓದಿ ಮುಗಿದ ಮೇಲೆ ಹಾದಿಯಲ್ಲಿ ಒಗೆಯದೆ ಇನ್ನೊಬ್ಬರಿಗೆ ಕೊಡಿರಿ. ದರ್ಗಾದ ಮುಂದೆ, ಇಗರ್ಜಿಯ ಮುಂದೆ, ಬಸದಿಯ ಮುಂದೆ ಹಾದುಹೋಗುವಾಗ ಅಲ್ಲಿ ಒಬ್ಬ ತಾಯಿ ತನ್ನ ಮಗುವಿಗಾಗಿ ಬೇಡಿಕೊಳ್ಳುತ್ತಿದ್ದಾಳೆ ಎಂದು ನೆನೆಯಿರಿ. ಕೈಮುಗಿದರೆ ಒಳ್ಳೆಯದು, ಮುಗಿಯದಿದ್ದರೂ ಚಿಂತೆಯಿಲ್ಲ, ಹೀಯಾಳಿಸದಿದ್ದರೆ ಸಾಕು. ಮನೆಯ ಬಾಗಿಲಿಗೆ ಬಂದವನ ಕುಲ ಕೇಳದೆ ಒಂದು ತಂಬಿಗೆ ನೀರು ಕೊಡಿರಿ.

ಇಷ್ಟು ನಡೆದ ಊರಿನಿಂದ ದೇವರು ಎದ್ದು ಹೋಗುವುದಿಲ್ಲ. ಹೋಗಿದ್ದರೂ ಭೋಗಯ್ಯನ ಹಿಂದೆಯೇ ತಿರುಗಿ ಬರುತ್ತಾನೆ.