ಹಾಜರಿ

ಮೂವತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಹಾಜರಿ ಕೂಗಿದವಳು ನಾನು. ಬಾರದ ಗೆಳತಿಯ ಪರವಾಗಿ "ಎಸ್ ಮಿಸ್" ಎಂದ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಅಂಥವಳ ಕಣ್ಣಿಗೆ ತವರುಮನೆಯಲ್ಲೇ ಒಂದು ಸುಳ್ಳು ಹಾಜರಿ ಬೀಳಬೇಕೆ!

2019ರ ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಹಿಂದಿನ ಬೀದಿಯ ಕೂಲಿ ಹೆಂಗಸೊಬ್ಬಳು ಬಂದು, "ಟೀಚರಮ್ಮ, ಪಂಚಾಯ್ತೀಲಿ ಕೆಲಸ ಕೊಡ್ತಾರಂತೆ, ಒಂದು ಅರ್ಜಿ ಬರ್ಕೊಡಿ" ಎಂದಿದ್ದಳು. 2005ರ ಉದ್ಯೋಗ ಖಾತ್ರಿ ಕಾಯಿದೆಯಂತೆ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ, ಇಲ್ಲವಾದರೆ ನಿರುದ್ಯೋಗ ಭತ್ಯೆ. ಬರೆದುಕೊಟ್ಟೆ. ಬೇಸಿಗೆ ರಜೆಯಲ್ಲಿ ಮತ್ತೆ ಹೋದಾಗ, ಅದರ ಗತಿ ಏನಾಯಿತು ನೋಡು ಎಂದು ಅಣ್ಣನ ಮಗನಿಗೆ ಹೇಳಿದೆ. ಅವನು ಕಂಪ್ಯೂಟರಿನಲ್ಲಿ ನಮ್ಮ ಪಂಚಾಯಿತಿಯ ಲೆಕ್ಕವನ್ನೆಲ್ಲ ತೆರೆದು ತೋರಿಸಿದ. ಯಾವ ಕಾಮಗಾರಿ, ಯಾರಿಗೆ ಎಷ್ಟು ದಿನ, ಎಷ್ಟು ಕೂಲಿ, ಎಲ್ಲವೂ ಇತ್ತು. ಆ ಹೆಂಗಸಿನ ಹೆಸರಿನ ಮುಂದೆ ಒಂದು ದಿನದ ಕೆಲಸವೂ ಇಲ್ಲ. ಕೆರೆ ಹೂಳೆತ್ತಿದವರ ಪಟ್ಟಿಯಲ್ಲಿ ಮಾತ್ರ ನಮ್ಮ ಅತ್ತಿಗೆ! 12 ದಿನ, ದಿನಕ್ಕೆ 249ರಂತೆ 2988 ರೂಪಾಯಿ. ಮಂಡಿನೋವಿನಿಂದ ಹಿತ್ತಿಲಿಗೆ ಹೋಗಲೂ ಉಸ್ಸೆನ್ನುವ ಅತ್ತಿಗೆ.

ಕೇಳಿದರೆ ನಕ್ಕರು. "ಕೆಲಸ ಜೆಸಿಬಿ ಮಾಡ್ತು ಕಣೆ. ದುಡ್ಡು ನನ್ನ ಖಾತೆಗೆ ಬಂತು, ಕಂಟ್ರಾಕ್ಟರು ಇಸ್ಕೊಂಡು ಇನ್ನೂರು ಕೊಟ್ಟ. ಊರಲ್ಲೆಲ್ಲ ಹೀಗೇ. ನಾವೇನು ಕದ್ವಾ?"

1994ರಲ್ಲಿ ರಾಜಸ್ಥಾನದ ಕೋಟ್ ಕಿರಾನಾದಲ್ಲಿ ಅರುಣಾ ರಾಯ್ ಮತ್ತವರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಇಂಥ ಹಾಜರಿ ಪಟ್ಟಿಗಳನ್ನು ಊರ ಜನರ ಮುಂದೆ ಗಟ್ಟಿಯಾಗಿ ಓದಿಸಿದ್ದರು. ಆಗ ಆ ಕಾಗದ ಕೈಗೆ ಸಿಗುವುದೇ ದೊಡ್ಡ ಹೋರಾಟ. ನಮ್ಮ ಕರ್ನಾಟಕ 2000ದಲ್ಲೇ ಮಾಹಿತಿ ಹಕ್ಕಿನ ಕಾಯಿದೆ ಮಾಡಿತು, 2005ರಲ್ಲಿ ದೇಶಕ್ಕೇ ಬಂತು. ಕೇಳದಿದ್ದರೂ ಸರ್ಕಾರ ತಾನಾಗಿಯೇ ಲೆಕ್ಕ ಪ್ರಕಟಿಸಬೇಕೆಂದು ಅದರ 4ನೇ ಕಲಮು ಹೇಳುತ್ತದೆ. ಇದನ್ನೆಲ್ಲ ಹತ್ತನೇ ತರಗತಿಗೆ ಎಷ್ಟು ಹುರುಪಿನಿಂದ ಪಾಠ ಮಾಡಿದ್ದೇನೆ! ಆದರೆ ಅಲ್ಲಿ ಕೇಳಿಸಿಕೊಂಡದ್ದು ಇಡೀ ಊರು. ಒಬ್ಬರು ಎದ್ದು ಸುಳ್ಳು ಎಂದರೆ ಪಕ್ಕದಲ್ಲಿ ಹತ್ತು ಜನ ಇದ್ದರು. ಇಲ್ಲಿ ನೋಡಿದವಳು ನಾನೊಬ್ಬಳು, ಅದೂ ಅತ್ತಿಗೆ ಬಡಿಸಿದ ಊಟ ಉಂಡು, ಅವರ ನಡುಮನೆಯಲ್ಲೇ ಕೂತು.

ದೂರು ಬರೆದರೆ ಮೊದಲು ಸಿಕ್ಕಿಬೀಳುವವರು ಅತ್ತಿಗೆ. ಆ ಕಾಯಿದೆಯ ಕಾಮಗಾರಿಯಲ್ಲಿ ಕಂಟ್ರಾಕ್ಟರು ಇರಲೇಕೂಡದು. ಹಾಗಾಗಿ ಅವನ ಹೆಸರು ಪಟ್ಟಿಯಲ್ಲಿ ಎಲ್ಲೂ ಇಲ್ಲ! ಇದೇ ನ್ಯಾಯವೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಿಜ ಹೇಳಬೇಕಲ್ಲ, ಅಲ್ಲಿದ್ದದ್ದು ಬೇರೆ ಯಾರದೋ ಮನೆಯ ಹೆಂಗಸಿನ ಹೆಸರಾಗಿದ್ದರೆ ಆ ರಾತ್ರಿಯೇ ಬರೆಯುತ್ತಿದ್ದೆ.

ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಆ ಹೆಂಗಸು ಸಿಕ್ಕಳು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟಿದ್ದಳು.

"ನೋಡಿದೆ ಕಣಮ್ಮ, ನಿನ್ನ ಹೆಸರು ಬಂದಿಲ್ಲ" ಎಂದೆ.

"ಮತ್ಯಾರ್ದು ಬಂದೈತೆ ಟೀಚರಮ್ಮ?"

ಅಷ್ಟರಲ್ಲಿ ನನ್ನ ಬಸ್ಸು ಬಂತು. ಹತ್ತಿಬಿಟ್ಟೆ.