ಗೆದ್ದ ಮೇಲೆ ಕೇಳೋರು ಯಾರು

ಚನ್ನಗಿರಿ ತಾಲ್ಲೂಕಿನ ಒಂದು ತೋಟದ ಮನೆ. ಅಂಗಳದ ತುಂಬ ಬೇಯಿಸಿ ಹರವಿದ ಅಡಿಕೆ, ಹಂಡೆಯಲ್ಲಿ ಚೊಗರು ಇನ್ನೂ ಬಿಸಿಯಾಗಿದೆ. ಮಾವ ಹಳೇ ಸಮಾಜವಾದಿ, ಜೆ.ಎಚ್. ಪಟೇಲರ ಹಿಂದೆ ಓಡಾಡಿದವರು. ಅತ್ತೆಯ ತವರು ನ್ಯಾಮತಿ ಹತ್ತಿರದ ಹಳ್ಳಿ. ಅಳಿಯ ಜಗಳೂರಿನವನು, ವಕೀಲ.

ಅಳಿಯ: ಎಮರ್ಜೆನ್ಸಿ ಅಂದ್ರೆ ಸಾಕು, ಇಂದಿರಾ ಗಾಂಧಿಗೆ ಶಿಕ್ಷೆ ಆಗಲೇ ಇಲ್ಲ ಅಂತ ಶುರು ಮಾಡ್ತೀರಿ ಮಾವ. ಎಮರ್ಜೆನ್ಸಿ ಮುಗಿದ ಮೇಲೆ ಅಧಿಕಾರದಲ್ಲಿ ಇದ್ದೋರು ನಿಮ್ಮೋರೇ ಅಲ್ವಾ?

ಮಾವ: ಇದ್ರು, ಶಿಕ್ಷೆ ಕೊಡೋಕೆ ಬರಲಿಲ್ಲ. 1975ರ ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟು ರಾಯ್‌ಬರೇಲಿ ಆಯ್ಕೆ ರದ್ದು ಮಾಡ್ತಲ್ಲ, ಅಲ್ಲಿ ಸಾಬೀತಾದ ತಪ್ಪು ಎಷ್ಟು ದೊಡ್ಡದು? ಸರ್ಕಾರಿ ನೌಕರಿಯಲ್ಲಿದ್ದ ಯಶಪಾಲ್ ಕಪೂರ್ ಕೈಲಿ ಚುನಾವಣೆ ಕೆಲಸ ಮಾಡಿಸಿದ್ದು, ಭಾಷಣದ ವೇದಿಕೆಗೆ ಅಧಿಕಾರಿಗಳನ್ನ ಬಳಸಿದ್ದು. ಗೆದ್ದ ಅಂತರ ಲಕ್ಷ ದಾಟಿತ್ತು. ಆವತ್ತೇ ಕುರ್ಚಿ ಬಿಟ್ಟಿದ್ರೆ ಮುಗೀತಿತ್ತು. ಬಿಡಲಿಲ್ಲ. ಜೂನ್ 25ರ ರಾತ್ರಿ ದೇಶಾನೇ ಒಳಗೆ ಹಾಕಿದ್ರು. ಆಗಸ್ಟಲ್ಲಿ ಸಂವಿಧಾನ ತಿದ್ದಿ, ಪ್ರಧಾನಿಯ ಆಯ್ಕೆಯನ್ನ ಕೋರ್ಟು ಪ್ರಶ್ನಿಸೋ ಹಾಗೇ ಇಲ್ಲ ಅಂದ್ರು. ಕಾರಿಗನೂರಿನ ನಮ್ಮ ಪಟೇಲರೂ ಜೈಲು ಕಂಡ್ರು.

ಅತ್ತೆ: ಪಟೇಲರು ಜೈಲಿಂದ ವಾಪಸು ಬಂದ್ರು. ಬಾರದೇ ಹೋದೋರ ಮಾತೂ ಆಡ್ರಿ.

ಮಾವ: ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಸಿನಿಮಾದ ನಟಿ. ಬೆಂಗಳೂರು ಜೈಲಲ್ಲಿ ಅಸ್ತಮಾದಲ್ಲಿ ನರಳಿ, ಹೊರಗೆ ಬಿಟ್ಟ ಕೆಲವೇ ದಿನಕ್ಕೆ, 1977ರ ಜನವರಿ 20ಕ್ಕೆ ತೀರಿಕೊಂಡ್ರು. ತಲೆಮರೆಸಿಕೊಂಡಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾನೆ ಹೇಳು ಅಂತ ಅವರ ತಮ್ಮ ಲಾರೆನ್ಸ್‌ನ 1976ರ ಮೇ ತಿಂಗಳಲ್ಲಿ ಹಿಡ್ಕೊಂಡು ಹೋಗಿ ಬಡಿದದ್ದು ನಮ್ಮ ಬೆಂಗಳೂರಿನ ಪೊಲೀಸರೇ, ದೆಹಲಿಯಿಂದ ಬಂದೋರಲ್ಲ.

ಅಳಿಯ: ಅಷ್ಟೆಲ್ಲ ಆದ ಮೇಲೂ 1977ರಲ್ಲಿ ಕರ್ನಾಟಕದ 28 ಸೀಟಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಮರುವರ್ಷ ನವೆಂಬರಿನಲ್ಲಿ ಚಿಕ್ಕಮಗಳೂರು ಇಂದಿರಾ ಗಾಂಧಿಯನ್ನೇ ಲೋಕಸಭೆಗೆ ಕಳಿಸ್ತು.

ಮಾವ: ಅದನ್ನ ಕೇಳಬೇಡ. ವೀರೇಂದ್ರ ಪಾಟೀಲರ ಪರ ಪ್ರಚಾರಕ್ಕೆ ಅಂತ ಹೋಗಿದ್ದೆ. ಜನ ಕಾಫಿ ಕೊಟ್ಟು, ಮಾತೆಲ್ಲ ಕೇಳಿಸ್ಕೊಂಡು, ‘ಹೌದು ಸ್ವಾಮಿ, ಅನ್ಯಾಯ’ ಅಂದು ಅತ್ಲಾಗೆ ಹೋಗಿ ಆಯಮ್ಮನಿಗೇ ಒತ್ತಿದ್ರು. ನಮ್ಮ ಜನಕ್ಕೆ ಮರೆವು ಜಾಸ್ತಿ.

ಅತ್ತೆ: ಮರೆವಲ್ಲ. 1977ರಲ್ಲಿ ನಾನೂ ಕಾಂಗ್ರೆಸ್ ಗುರುತಿಗೇ ಒತ್ತಿದೋಳು. ನಮ್ಮಪ್ಪ ಗೇಣಿಗೆ ಹೊಲ ಮಾಡ್ತಿದ್ದ. ಮುಖ್ಯಮಂತ್ರಿ ದೇವರಾಜ ಅರಸು ಅವರ ಭೂಸುಧಾರಣೆ ಕಾನೂನು ಬಂತು, ಏಳನೇ ನಂಬರ್ ಫಾರಂ ತುಂಬಿಸಿದ. ಓದು ಬಾರದು, ಯಾರದೋ ಕೈಲಿ ಬರೆಸಿ, ಹೆಬ್ಬೆಟ್ಟು ಒತ್ತಿ, ನಕಲನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಅವ್ವನ ಸೀರೆ ಮಡಿಕೆಯೊಳಗೆ ಇಟ್ಟಿದ್ದ. ಭೂ ನ್ಯಾಯಮಂಡಳಿ ಕರೆದಾಗ ಧಣಿ ಎದುರಿಗೇ ಕುರ್ಚಿಯಲ್ಲಿ ಕೂತಿದ್ರಂತೆ. ಅಪ್ಪ ನಿಂತೇ ಹೇಳಿದನಂತೆ, ಉಳ್ತಿರೋನು ನಾನು ಅಂತ. ಹೊಲ ನಮ್ಮ ಹೆಸರಿಗೆ ಆಯ್ತು. ಆ ಮನೆ ಮಗಳು ಯಾರಿಗೆ ಓಟು ಹಾಕ್ತಾಳೆ?

ಅಳಿಯ: ಲಾರೆನ್ಸ್‌ಗೆ ಹೊಡೆದ ಪೊಲೀಸರೂ ಅದೇ ಅರಸು ಸರ್ಕಾರದೋರು ಅತ್ತೆ.

ಅತ್ತೆ: ಗೊತ್ತು. ಆಗ ಗೊತ್ತಿರಲಿಲ್ಲ, ಗೊತ್ತಿದ್ರೂ ಅದೇ ಗುರುತಿಗೆ ಒತ್ತುತ್ತಿದ್ದೆ. ಸುಳ್ಳು ಯಾಕೆ ಹೇಳ್ಲಿ? ಹೊಲ ಕೊಟ್ಟಿದ್ದಕ್ಕೆ ಓಟು ಹಾಕ್ದೆ. ಹೊಡೆದಿದ್ದಕ್ಕೆ ಮಾಫಿ ಅಂತ ಹಾಕಲಿಲ್ಲವಲ್ಲ. ಆ ಚೀಟಿಯಲ್ಲಿ ಅದನ್ನ ಬರೆಯೋಕೆ ಜಾಗ ಎಲ್ಲಿತ್ತು?

ಅಳಿಯ: ನಾನೂ ಅದನ್ನೇ ಹೇಳೋಕೆ ಹೊರಟಿದ್ದೆ. ಗೆದ್ದೋರು ‘ಜನತಾ ನ್ಯಾಯಾಲಯ ತೀರ್ಪು ಕೊಟ್ಟಿದೆ’ ಅಂತಾರೆ. ಮಾವ, 1999ರಲ್ಲಿ ಪಟೇಲರನ್ನ ಸೋಲಿಸಿದ್ದು ಯಾರು?

ಮಾವ: ಇದೇ ಚನ್ನಗಿರಿ. ಮುಖ್ಯಮಂತ್ರಿ ಆಗಿದ್ದೋರು, ಲೋಕಸಭೆಯಲ್ಲಿ ಕನ್ನಡದಲ್ಲಿ ಮೊದಲು ಮಾತಾಡಿದೋರು, ಹೊನ್ನಾಳಿ, ಜಗಳೂರು ಎಲ್ಲ ಸೇರಿಸಿ ದಾವಣಗೆರೆ ಜಿಲ್ಲೆ ಮಾಡಿದೋರು. ಸೋಲಿಸಿಬಿಟ್ರು.

ಅಳಿಯ: ಸೋತ್ರು ಅಂತ ಅಪರಾಧಿ ಆದ್ರಾ?

ಮಾವ: ಛೆ.

ಅಳಿಯ: ಸೋತೋನು ಅಪರಾಧಿ ಅಲ್ಲ ಅಂದ ಮೇಲೆ ಗೆದ್ದೋನು ನಿರಪರಾಧಿ ಹೇಗೆ ಆದ?

(ಮಾವ ಅಡಿಕೆಯಲ್ಲಿ ಕೈಯಾಡಿಸುತ್ತಾರೆ. ಅಳಿಯ ವಕೀಲನಾದರೆ ಇದೊಂದು ಕಷ್ಟ.)

ಮಾವ: ಸರಿ, ಮತದಾರನನ್ನ ಬಿಡು. ಎಮರ್ಜೆನ್ಸಿ ಅನ್ಯಾಯಗಳ ವಿಚಾರಣೆಗೆ ಅಂತ ಷಾ ಆಯೋಗ ಇತ್ತಲ್ಲ. ಆಯಮ್ಮ ಬಂದು ಕೂತ್ರು, ಪ್ರಮಾಣ ಮಾಡಿ ಹೇಳಿಕೆ ಕೊಡಲ್ಲ ಅಂದ್ರು. 1977ರ ಅಕ್ಟೋಬರ್ 3ಕ್ಕೆ ಬಂಧಿಸಿದ್ರೆ ಮಾರನೇ ದಿನವೇ ಮ್ಯಾಜಿಸ್ಟ್ರೇಟು ಬಿಟ್ಟ. ಕೊನೆಗೆ 1978ರ ಡಿಸೆಂಬರ್ 19ಕ್ಕೆ ಲೋಕಸಭೆಯೇ ಉಚ್ಚಾಟಿಸಿ ತಿಹಾರಿಗೆ ಕಳಿಸ್ತು.

ಅಳಿಯ: ಅಲ್ಲೇ ಕೆಟ್ಟದ್ದು. ಮ್ಯಾಜಿಸ್ಟ್ರೇಟು ಬಿಟ್ಟಿದ್ದು ಬಂಧನಕ್ಕೆ ಆಧಾರ ಇಲ್ಲ ಅಂತ. ಗಟ್ಟಿ ಕೇಸು ಕಟ್ಟೋಕೆ ತಾಳ್ಮೆ ಇಲ್ಲದೆ ಸದನದಲ್ಲಿ ಕೈ ಎತ್ತಿಸಿದ್ರು. ಕೈ ಎತ್ತಿದೋರಲ್ಲಿ ಬಹಳ ಮಂದಿ ಅವರಿಂದಲೇ ಜೈಲು ಕಂಡಿದ್ದೋರು. ಸಿಟ್ಟು ನ್ಯಾಯವಾದದ್ದೇ, ಆದರೆ ಪೆಟ್ಟು ತಿಂದೋನೇ ಪಂಚಾಯ್ತಿ ಕಟ್ಟೆ ಮೇಲೆ ಕೂತ್ರೆ ಊರು ಒಪ್ಪುತ್ತಾ? 1980ಕ್ಕೆ ಅವರೇ ಮತ್ತೆ ಪ್ರಧಾನಿ. 1981ರಲ್ಲಿ ಅದೇ ಲೋಕಸಭೆ ಹಳೇ ನಿರ್ಣಯ ರದ್ದು ಮಾಡ್ತು. ಬಹುಮತದ ಶಿಕ್ಷೆಯನ್ನ ಇನ್ನೊಂದು ಬಹುಮತ ಅಳಿಸಿತು.

ಮಾವ: ಹಾಗಾದರೆ ಕೋರ್ಟಿಗೆ ಕಾಯಬೇಕು ಅಂತೀಯ. ನಿಮ್ಮ ಕೋರ್ಟಿನ ವೇಗ ಗೊತ್ತಿಲ್ವಾ?

ಅಳಿಯ: ಗೊತ್ತಿದೆ, ಅದಕ್ಕೇ ಗಟ್ಟಿಯಾಗಿ ವಾದಿಸೋಕೆ ನಾಚಿಕೆ. 2023ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಜಗಳೂರಿನ ಗೆಲುವಿನ ಅಂತರ 874 ಮತ, ಮಾಲೂರಿನದು 248. ಫಲಿತಾಂಶದ ಮೇಲೆ ತಕರಾರು ಇದ್ರೆ 45 ದಿನದೊಳಗೆ ಹೈಕೋರ್ಟಿಗೆ ಹೋಗಬೇಕು, ಆರು ತಿಂಗಳಲ್ಲಿ ಮುಗಿಸೋ ಪ್ರಯತ್ನ ಆಗಬೇಕು ಅನ್ನುತ್ತೆ ಕಾಯ್ದೆ. ಮಾಲೂರಿನ ಆಯ್ಕೆ ರದ್ದು ಅಂತ ಹೈಕೋರ್ಟು ಹೇಳಿದ್ದು 2025ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಸುಪ್ರೀಂ ಕೋರ್ಟಿನ ತಡೆ ಬಂತು, ಜೊತೆಗೆ ಮರುಎಣಿಕೆಗೆ ಅನುಮತಿ. ಅಷ್ಟರಲ್ಲಿ ಹತ್ತಿರಹತ್ತಿರ ಅರ್ಧ ಅವಧಿ ಮುಗಿದಿತ್ತು.

ಅತ್ತೆ: ನಿಧಾನ ಅಂತ ಜನ ಕಲ್ಲಿಗೆ ಕೈ ಹಾಕ್ತಾರೆ. 2024ರ ಮೇನಲ್ಲಿ ನಮ್ಮ ಚನ್ನಗಿರಿ ಠಾಣೆಯಲ್ಲಿ ಏನಾಯ್ತು? ಕರಕೊಂಡು ಹೋದ ಹುಡುಗ ತೀರಿಹೋದ ಅಂತ ಸುದ್ದಿ ಬಂತು, ರಾತ್ರಿ ಜನ ಠಾಣೆ ಮೇಲೆ ನುಗ್ಗಿದ್ರು. ಅಧಿಕಾರಿಗಳು ಅಮಾನತು ಆದ್ರು, ಕಲ್ಲು ಎಸೆದೋರು ಒಳಗೆ ಹೋದ್ರು.

ಅಳಿಯ: ಅದು ರಾಜಕೀಯ ಅಲ್ಲ ಅತ್ತೆ.

ಅತ್ತೆ: ಗೊತ್ತಪ್ಪ. ನಾನು ಹೇಳೋದು, ಕೆಳಗಿನೋರ ಲೆಕ್ಕ ಒಂದು ವಾರಕ್ಕೆ ಶುರು ಆಗುತ್ತೆ. ಲಾರೆನ್ಸ್‌ಗೆ ಹೊಡಿ ಅಂದೋರ ಲೆಕ್ಕ ಯಾವಾಗ ಶುರು ಆಯ್ತು?

ಮಾವ: ಹೊಡಿ ಅಂತ ಯಾರು ಬರೆದು ಕೊಡ್ತಾರೆ? ಎಮರ್ಜೆನ್ಸಿ ರಾತ್ರಿ ದೆಹಲಿ ಪತ್ರಿಕೆಗಳ ಕರೆಂಟು ಕಟ್ ಮಾಡಿಸಿದ್ದೇ ಬಾಯಿಮಾತಿನ ಆದೇಶದಲ್ಲಿ. ಷಾ ಆಯೋಗ ಅದನ್ನ ಬರೆದಿಟ್ಟಿದೆ.

ಅಳಿಯ: ಬರೆದಿಟ್ಟಿದ್ದರಿಂದಲೇ ನೀವು ಇವತ್ತು ಹೇಳ್ತಿದ್ದೀರಿ ಮಾವ. ಸದನದ ನಿರ್ಣಯ ಅಳಿಸಿಹೋಯ್ತು, ಸಾಕ್ಷಿಗಳ ಹೇಳಿಕೆ ಉಳೀತು.

ಮಾವ: ಉಳಿದು ಯಾರಿಗೆ ಶಿಕ್ಷೆ ಆಯ್ತು?

ಅಳಿಯ: ಆಗಲಿಲ್ಲ. ಆದರೆ ಅತ್ತೆಯ ಅಪ್ಪನ ಹೊಲ ಅವನ ಹೆಸರಿಗೆ ಆಗಿದ್ದು ಓಟಿನಿಂದಲೂ ಅಲ್ಲ, ಕಲ್ಲಿನಿಂದಲೂ ಅಲ್ಲ. ಒಂದು ಫಾರಂ, ಎದುರುಬದುರು ವಿಚಾರಣೆ, ಒಂದು ಆದೇಶ. ಧಣಿ ಮೇಲೆ ಅಂಥದ್ದು ಸಾಧ್ಯ ಆಯ್ತು, ಮಂತ್ರಿ ಮೇಲೆ ಯಾಕೆ ಆಗಬಾರದು?

ಅತ್ತೆ: ಆ ಮಂಡಳಿಗೂ ಜನರನ್ನ ನೇಮಿಸಿದ್ದು ಸರ್ಕಾರವೇ ಕಣಪ್ಪ. ಸರ್ಕಾರ ಅಪ್ಪನ ಕಡೆಗಿತ್ತು, ಅದಕ್ಕೆ ಆಯ್ತು. ಸರ್ಕಾರದ ಮೇಲೇ ಫಾರಂ ತುಂಬಬೇಕಾದ್ರೆ ಯಾರ ಕೈಲಿ ಕೊಡ್ತೀಯ, ಅದನ್ನ ಹೇಳು.