ನನ್ನನ್ನು ಕಂಡರಾಗದ ಜೀವ

ಮೂರು ದಿನಕ್ಕೊಮ್ಮೆ ರಾತ್ರಿ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಒಲೆ ಒರೆಸಿ, ಆಮೇಲೆ ನಾನು ಒಂದು ಹಾವಿಗೆ ಇಂಜೆಕ್ಷನ್ ಚುಚ್ಚುತ್ತಿದ್ದೆ. ಕಳೆದ ಚಳಿಗಾಲದಲ್ಲಿ ಹೀಗೆ ಏಳು ಸಲ ನಡೆಯಿತು. ನಗಬೇಡಿ. ಸಾಗರದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಹಾವು ಅಂದರೆ ಮಾರುದೂರ ಹಾರುತ್ತಿದ್ದವಳು ನಾನು. ಅಂಥವಳು ಇಲ್ಲಿಗೆ ಬಂದು ಹಾವು ಮುಟ್ಟಿದೆ ಅಂತಾದರೆ ಅದಕ್ಕೆ ಕಾರಣ ಮಗಳು.

ನಾವಿರೋದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲೀ ಊರಿನ ಹತ್ತಿರ. ಮಗಳಿಗೆ ಹನ್ನೆರಡು ತುಂಬಿದಾಗ ಹಟ ಹಿಡಿದು ಒಂದು ಕಾರ್ನ್ ಸ್ನೇಕ್ ತಂದಳು. ಅಮೆರಿಕದ ಆಗ್ನೇಯ ಭಾಗದ ಹಾವು ಅದು, ವಿಷವಿಲ್ಲ. ಕಿತ್ತಳೆ ಮೈ, ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆ, ಹೊಟ್ಟೆಯ ಮೇಲೆ ಚದುರಂಗದ ಮನೆಗಳಂಥ ಕಪ್ಪು ಬಿಳುಪು. ಹೊಟ್ಟೆ ನೋಡಿದರೆ ಬಣ್ಣದ ಮುಸುಕಿನ ಜೋಳದ ತೆನೆ ಇದ್ದ ಹಾಗಿದೆ ಅಂತ ಆ ಹೆಸರು ಬಂತು ಎನ್ನುವವರಿದ್ದಾರೆ. ಜೋಳದ ಕಣಜಗಳಲ್ಲಿ ಇಲಿ ಹಿಡಿಯಲು ಸೇರಿಕೊಳ್ಳುತ್ತಿತ್ತು, ಅದಕ್ಕೇ ಆ ಹೆಸರು ಎನ್ನುವವರೂ ಇದ್ದಾರೆ. ಮಗಳು ಸುಮ್ಮನೆ ‘ಜೋಳ’ ಅಂತ ಕರೆದಳು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬದುಕುತ್ತದೆ ಅನ್ನೋದನ್ನು ನಾವ್ಯಾರೂ ಆಗ ಲೆಕ್ಕ ಹಾಕಲಿಲ್ಲ. ಮಗಳು ಕಾಲೇಜಿಗೆ ಹೋದಳು, ಹಾಸ್ಟೆಲ್ಲಿನಲ್ಲಿ ಹಾವು ಇಟ್ಟುಕೊಳ್ಳುವ ಹಾಗಿಲ್ಲ. ಜೋಳ ನನ್ನ ಪಾಲಿಗೆ ಬಂತು.

ಕಾರ್ನ್ ಸ್ನೇಕ್ ಅಂದರೆ ಸಾಧು, ಮಕ್ಕಳೂ ಸಾಕಬಹುದು ಅಂತ ಎಲ್ಲರೂ ಹೇಳುತ್ತಾರೆ. ನಮ್ಮದು ಹಾಗಲ್ಲ. ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದರೆ ಸಾಕು, ಬಾಲ ಅದುರಲು ಶುರು. ಒಣ ಮರದ ಚಕ್ಕೆಗಳ ಮೇಲೆ ಆ ಬಾಲ ಬಡಿದಾಗ ಬರುವ ಸದ್ದು ಕೇಳಿದರೆ ಈಗಲೂ ನನ್ನ ಬೆನ್ನಲ್ಲಿ ತಣ್ಣಗಾಗುತ್ತದೆ. ಕತ್ತನ್ನು ಸೊಟ್ಟ ಮಾಡಿ ಹಿಂದಕ್ಕೆಳೆದುಕೊಂಡು ಕೂರುತ್ತದೆ. ಎತ್ತಿಕೊಂಡರೆ ಕೆಟ್ಟ ವಾಸನೆಯ ದ್ರವ ಬಿಡುತ್ತದೆ, ಕೈ ಎರಡು ಸಲ ಸೋಪು ಹಚ್ಚಿ ತೊಳೆದರೂ ಹೋಗುವುದಿಲ್ಲ. ಮಗಳು ಹೇಳ್ತಿದ್ದಳು, “ಅಮ್ಮಾ, ಅದಕ್ಕೆ ಸಿಟ್ಟಲ್ಲ, ಹೆದರಿಕೆ. ಮೇಲಿಂದ ಬರೋ ಕೈ ಅಂದ್ರೆ ಅದಕ್ಕೆ ಗಿಡುಗ ಇದ್ದ ಹಾಗೆ.”

ಮಗಳು ಹೋದ ಮೇಲೆ ಅದರ ಹೆದರಿಕೆ ಬಿಡಿಸುತ್ತೇನೆ ಅಂತ ನಾನು ಹೊರಟೆ. ಪೆಟ್ಟಿಗೆಯನ್ನು ಮಗಳ ಕೋಣೆಯಿಂದ ಹಾಲಿಗೆ, ಕಿಟಕಿಯ ಪಕ್ಕಕ್ಕೆ ತಂದಿಟ್ಟೆ. ಒಂಟಿಯಾಗಿ ಕತ್ತಲಲ್ಲಿ ಯಾಕಿರಬೇಕು, ಮನೆಯವರ ನಡುವೆ ಇರಲಿ ಅಂತ. ದಿನಾ ಹತ್ತು ನಿಮಿಷ ಎತ್ತಿಕೊಂಡರೆ ರೂಢಿಯಾಗುತ್ತದೆ ಅಂದುಕೊಂಡೆ. ಮನೆಗೆ ಬಂದವರಿಗೆ ತೋರಿಸಿದೆ. ದೀಪಾವಳಿಗೆ ಬಂದ ಕನ್ನಡದ ಗೆಳತಿಯರು ಹೌಹಾರಿದಾಗ ಒಳಗೊಳಗೆ ಖುಷಿಯೂ ಆಯಿತು ಅನ್ನಿ. ಹಿಂದಿನ ದಿನವಷ್ಟೇ ಅದು ಇಲಿ ನುಂಗಿತ್ತು. ಉಂಡ ಹಾವನ್ನು ಎರಡು ದಿನವಾದರೂ ಮುಟ್ಟಬಾರದು. ಮಗಳು ಬರೆದಿಟ್ಟ ಚೀಟಿಯಲ್ಲಿ ಅದು ಸ್ಪಷ್ಟವಾಗಿತ್ತು. ರಾತ್ರಿ ಎಲ್ಲ ಕಕ್ಕಿಕೊಂಡಿತು.

ಡಿಸೆಂಬರಿನಲ್ಲಿ ಕಿಟಕಿಯ ಚಳಿಗೆ ಪೆಟ್ಟಿಗೆಯ ಶಾಖ ಇಳಿಯಿತು. ಹಾವಿಗೆ ಮೈಯೊಳಗೆ ಒಲೆಯಿಲ್ಲ. ಹೊರಗಿನ ಬಿಸಿಯಿಂದಲೇ ಅದರ ಜೀರ್ಣ, ಅದರ ರೋಗನಿರೋಧಕ ಶಕ್ತಿ ಎಲ್ಲ. ಒಂದು ಬದಿ ಮೂವತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸು, ಇನ್ನೊಂದು ಬದಿ ಇಪ್ಪತ್ತನಾಲ್ಕು ಇರಬೇಕು. ನಾನು ನೋಡಲಿಲ್ಲ. ಒಂದು ಬೆಳಿಗ್ಗೆ ಸಣ್ಣ ಸಿಳ್ಳೆಯಂಥ ಸದ್ದು. ಜೋಳ ತಲೆ ಮೇಲೆತ್ತಿ ಬಾಯಿ ಅರೆ ತೆರೆದುಕೊಂಡಿತ್ತು, ಬಾಯಂಚಲ್ಲಿ ಗುಳ್ಳೆ. ಪೊರೆ ಬಿಟ್ಟಿತ್ತು, ಆದರೆ ಒಂದು ಕಣ್ಣಿನ ಮೇಲಿನದು ಕಳಚದೆ ಹಾಗೇ ಅಂಟಿಕೊಂಡಿತ್ತು. ಉಸಿರಾಟದ ಸೋಂಕು ಅಂದರು ಪ್ರಾಣಿವೈದ್ಯೆ. ಹಾವಿಗೆ ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ, ಹಾಗೇ ಬಿಟ್ಟರೆ ಒಳಗೇ ತುಂಬಿಕೊಳ್ಳುತ್ತದೆ. ಸೆಫ್ಟಾಜಿಡೈಮ್ ಎಂಬ ಔಷಧಿ ತುಂಬಿದ ಏಳು ಸಿರಿಂಜು ಕೊಟ್ಟು, ಫ್ರೀಜರಿನಲ್ಲಿಟ್ಟು ಎಪ್ಪತ್ತೆರಡು ಗಂಟೆಗೊಂದು ಕೊಡಿ ಅಂದರು. “ವಾಸಿಯಾಗಬಹುದು, ಆಗದೆಯೂ ಇರಬಹುದು. ಬೇಡ ಅನಿಸಿದರೆ ನೋವಿಲ್ಲದೆ ಮಲಗಿಸುವುದೂ ಒಂದು ದಾರಿ” ಅಂತ ಮೆತ್ತಗೆ ಹೇಳಿದರು.

ಕಾರಿನಲ್ಲಿ ಇವರು ಬಿಲ್ಲು ನೋಡಿದರು. “ಹಾವಿಗೆ ಕೊಟ್ಟಿದ್ದು ಅರವತ್ತು ಡಾಲರ್. ಇದು ಮುನ್ನೂರು. ಇದೇ ದುಡ್ಡಿಗೆ ಐದು ಹಾವು ಬರುತ್ತಲ್ಲೇ” ಅಂದರು. ತಮಾಷೆಗೇ ಅಂದದ್ದು. “ಅಜ್ಜಿಯ ಕಣ್ಣಿನ ಆಪರೇಷನ್ನಿಗೆ ಹೀಗೆ ಲೆಕ್ಕ ಹಾಕಿದ್ವಾ ರೀ?” ಅಂತ ಕೇಳಿದೆ. ಅವರು ಮಾತಾಡಲಿಲ್ಲ. ಆದರೆ ನನ್ನ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಅಜ್ಜಿಗೆ ನಾವು ಬೇಕಿದ್ದೆವು. ಜೋಳಕ್ಕೆ ನಾನು ಬೇಕಿಲ್ಲ. ಬೇಕಿಲ್ಲದಿರುವುದಷ್ಟೇ ಅಲ್ಲ, ಅದರ ಪ್ರಪಂಚದಲ್ಲಿ ಅತಿ ಭಯಂಕರವಾದ ವಸ್ತು ಅಂದರೆ ನಾನೇ.

ಮೊದಲ ಇಂಜೆಕ್ಷನ್ನಿನ ರಾತ್ರಿ ಇದು ಸರಿಯಾಗಿ ತಿಳಿಯಿತು. ಇವರು ತಲೆಯ ಮೇಲೆ ಟವೆಲ್ ಮುಚ್ಚಿ ಹಿಡಿದರು, ನಾನು ಮೈಯ ಮುಂಭಾಗದಲ್ಲಿ ಹುರುಪೆಗಳ ನಡುವೆ ಸೂಜಿ ಹಾಕಿದೆ. ಇಡೀ ಮೈ ಒಂದು ಹಗ್ಗದ ಗಂಟಿನ ಹಾಗೆ ಬಿಗಿಯಿತು. ವಾಸನೆ, ಬಾಲದ ಅದುರು. ವಾಪಸ್ ಬಿಟ್ಟಾಗ ಮೂಲೆಗೆ ಹೋಗಿ ಗಾಜಿಗೆ ಮೂತಿ ತಿಕ್ಕುತ್ತಾ ದಾರಿ ಹುಡುಕಿತು. ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ಮಗಳಿಗೆ ಲಸಿಕೆ ಹಾಕಿಸುವಾಗಲೂ ಅತ್ತಿದ್ದೆ. ಆದರೆ ಅಲ್ಲೊಂದು ಸಮಾಧಾನವಿತ್ತು. ಇವತ್ತು ಅಮ್ಮನನ್ನು ದೂರಿದರೂ ನಾಳೆ ದೊಡ್ಡವಳಾಗಿ, ಒಳ್ಳೆಯದಕ್ಕೇ ಮಾಡಿದ್ದಳು ಅಂತ ತಿಳಿದುಕೊಳ್ಳುತ್ತಾಳೆ. ಮಕ್ಕಳಿಗೆ ನಾವು ಕೊಡುವ ಎಲ್ಲ ಸಣ್ಣ ನೋವುಗಳೂ ಮುಂದೆಂದೋ ಸಿಗುವ ಆ ಒಪ್ಪಿಗೆಯ ಮೇಲೆ ತೆಗೆದ ಸಾಲ. ಜೋಳದಿಂದ ಆ ಒಪ್ಪಿಗೆ ಯಾವತ್ತೂ ಬರುವುದಿಲ್ಲ. ಉಸಿರು ಸಲೀಸಾದಾಗ ಅದಕ್ಕೂ ಸೂಜಿಗೂ ಸಂಬಂಧವಿದೆ ಅಂತ ಅದಕ್ಕೆ ಹೊಳೆಯುವುದಿಲ್ಲ. ಹಾಗಾದರೆ ಯಾವ ಹಕ್ಕಿನಿಂದ ನಾನು ಚುಚ್ಚುತ್ತಿದ್ದೇನೆ? ತನ್ನ ಆರೈಕೆಯನ್ನೇ ಹಿಂಸೆ ಅಂತ ಅನುಭವಿಸುವ ಜೀವಕ್ಕೆ ಆರೈಕೆ ಮಾಡುವುದು ಪ್ರೀತಿಯೋ, ನನ್ನ ಚಟವೋ?

ಕಾಡಿಗೆ ಬಿಟ್ಟುಬಿಡು ಅಂದಳು ಒಬ್ಬ ಗೆಳತಿ. ಕೇಳೋದಕ್ಕೆ ಚೆನ್ನಾಗಿದೆ. ಪೆಟ್ಟಿಗೆಯಲ್ಲೇ ಹುಟ್ಟಿದ ಹಾವು, ಸತ್ತ ಇಲಿ ಬಿಟ್ಟು ಬೇರೆ ಬೇಟೆ ಕಂಡಿಲ್ಲ. ಅದರ ರೋಗ ಕಾಡಿನ ಹಾವುಗಳಿಗೂ ಅಂಟಬಹುದು. ಅದು ಬಿಡುಗಡೆಯಲ್ಲ, ಕೈ ತೊಳೆದುಕೊಳ್ಳುವುದು. ಇನ್ನು ಮಲಗಿಸುವ ಮಾತು. ಅದರ ಬದುಕೆಲ್ಲ ಬರೀ ಹೆದರಿಕೆಯಾಗಿದ್ದರೆ ಅದೇ ಕರುಣೆಯಾಗುತ್ತಿತ್ತೇನೋ. ಆದರೆ ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಕತ್ತಲಲ್ಲಿ ನೋಡಿದೆ. ಜೋಳ ಕೊಂಬೆಯ ಮೇಲೆ ನಿಧಾನವಾಗಿ ಹರಿಯುತ್ತಾ, ನಾಲಗೆ ಚಾಚಿ ಚಾಚಿ ಗಾಳಿಯ ವಾಸನೆ ಹಿಡಿಯುತ್ತಾ, ಯಾವ ಗಡಿಬಿಡಿಯೂ ಇಲ್ಲದೆ ಓಡಾಡುತ್ತಿತ್ತು. ಅಂದರೆ ಅದಕ್ಕೂ ಒಂದು ನೆಮ್ಮದಿಯ ಹೊತ್ತಿದೆ. ನಾನಿಲ್ಲದ ಹೊತ್ತು.

ಥಾಮಸ್ ನೇಗಲ್ ಎಂಬ ತತ್ವಶಾಸ್ತ್ರಜ್ಞ 1974ರಲ್ಲಿ ಒಂದು ಹೆಸರಾಂತ ಪ್ರಬಂಧ ಬರೆದ. ಬಾವಲಿಯ ಬಗ್ಗೆ ಎಷ್ಟೇ ಓದಿದರೂ ಬಾವಲಿಗೆ ಬಾವಲಿಯಾಗಿರುವುದು ಹೇಗಿರುತ್ತದೆ ಅಂತ ನಮಗೆ ತಿಳಿಯುವುದಿಲ್ಲ ಅನ್ನುವುದು ಅವನ ವಾದದ ತಿರುಳು. ರೆಪ್ಪೆಯಿಲ್ಲದ ಕಣ್ಣು, ಹೊರಕಿವಿಯಿಲ್ಲದ ತಲೆ, ನಾಲಗೆಯಿಂದ ವಾಸನೆ ಹಿಡಿಯುವ ಜೀವ. ಅದಕ್ಕೆ ಒಂಟಿತನ ಕಾಡುತ್ತದೆ, ಹಾಲಿನಲ್ಲಿ ನಾಲ್ಕು ಜನರ ನಡುವೆ ಇದ್ದರೆ ಹಿತ ಅಂತ ನಾನು ತೀರ್ಮಾನ ಮಾಡಿದ್ದು ಯಾವ ಆಧಾರದ ಮೇಲೆ? ಒಂಟಿಯಾಗಿದ್ದದ್ದು ಮಗಳು ಹೋದ ಮೇಲಿನ ನಾನು. ಅದನ್ನು ಹಾವಿಗೆ ಹೊರಿಸಿದ್ದೆ.

ಇದನ್ನೆಲ್ಲ ಒಂದು ಭಾನುವಾರ ಅಮ್ಮನಿಗೆ ಫೋನಿನಲ್ಲಿ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ. “ಹಾಲು ಇಟ್ಟಿದ್ಯಾ?” ಅಂದಳು.

“ಹಾವು ಹಾಲು ಕುಡಿಯಲ್ಲಮ್ಮ, ಅದರ ಹೊಟ್ಟೆಗೆ ಆಗಿಬರಲ್ಲ.”

“ಗೊತ್ತು ಮಾರಾಯ್ತಿ. ಅದು ಕುಡೀಲಿ ಅಂತ ಯಾರು ಎರೀತಾರೆ? ನಮ್ಮ ಭಯಕ್ಕೆ, ನಮ್ಮ ಸಮಾಧಾನಕ್ಕೆ ಎರೆಯೋದು. ಎರೆದು ಹಿಂದಕ್ಕೆ ಬಂದ್ಬಿಡ್ತೀವಲ್ಲ, ಅದೇ ದೊಡ್ಡದು. ಬನದೊಳಗೆ ಕತ್ತಿ ಹಾಕಲ್ಲ, ಸೊಪ್ಪು ಕಡಿಯಲ್ಲ. ಅದಕ್ಕೆ ಬೇಕಾಗಿದ್ದೂ ಅಷ್ಟೇ.”

ಕಲ್ಲಿನ ನಾಗನಿಗೆ ಒಂದು ನ್ಯಾಯ, ಜೀವಂತ ನಾಗನಿಗೆ ಇನ್ನೊಂದು ನ್ಯಾಯ ಅನ್ನುವ ನಮ್ಮ ಇಬ್ಬಂದಿಯನ್ನು ಬಸವಣ್ಣ ಎಂಟುನೂರು ವರ್ಷದ ಹಿಂದೆಯೇ ಹಿಡಿದು ತೋರಿಸಿದ್ದಾನೆ. ನಾನೂ ಅದನ್ನು ಹೇಳಿಕೊಂಡೇ ಊರಿನ ನಾಗರಪಂಚಮಿಯನ್ನು ಆಡಿಕೊಂಡವಳು. ಆದರೆ ಹಾಲನ್ನು ನೋಡಿ ನಕ್ಕವಳು ಬನವನ್ನು ನೋಡಿರಲಿಲ್ಲ. ನಮ್ಮ ಮಲೆನಾಡು, ಕರಾವಳಿಯ ನಾಗಬನಗಳಲ್ಲಿ ಒಂದಿಷ್ಟು ಮರಬಳ್ಳಿಗಳನ್ನು ಹಾಗೇ ಬೆಳೆಯಲು ಬಿಟ್ಟು, ಪೂಜೆಯ ದಿನ ಬಿಟ್ಟರೆ ಯಾರೂ ಒಳಗೆ ಹೋಗುವುದಿಲ್ಲ. ಹೆದರಿಕೆಯಿಂದಲೇ ಇರಬಹುದು. ಆದರೆ ಆ ಹೆದರಿಕೆ ಹಾವಿಗೆ ಒಂದು ಜಾಗ ಬಿಟ್ಟುಕೊಟ್ಟಿತು. ನನ್ನ ಪ್ರೀತಿ ಅಷ್ಟನ್ನೂ ಬಿಟ್ಟುಕೊಟ್ಟಿರಲಿಲ್ಲ.

ಪೆಟ್ಟಿಗೆಯನ್ನು ಮತ್ತೆ ಮಗಳ ಕೋಣೆಗೆ ಒಯ್ದೆ. ಮೂರು ಬದಿಗೆ ಕಪ್ಪು ಕಾಗದ ಅಂಟಿಸಿದೆ. ಬಿಸಿ ಬದಿಗೊಂದು, ತಂಪು ಬದಿಗೊಂದು ಅಡಗುವ ಗೂಡು, ಪೊರೆ ಸಲೀಸಾಗಿ ಕಳಚಲಿ ಅಂತ ಒದ್ದೆ ಪಾಚಿ ತುಂಬಿದ ಡಬ್ಬಿ, ಮೇಲೆ ಪ್ಲಾಸ್ಟಿಕ್ ಬಳ್ಳಿ. ಶಾಖಕ್ಕೆ ಹೊಸ ಥರ್ಮೋಸ್ಟಾಟ್. ಉಳಿದ ಇಂಜೆಕ್ಷನ್ನುಗಳನ್ನೂ ಕೊಟ್ಟೆ, ಬಿಡಲಿಲ್ಲ. ಆದರೆ ಸೂಜಿಯ ಜೊತೆಗೆ ಮುದ್ದು ಮಾಡುವುದನ್ನು, “ಏನಾಗಲ್ಲ ಪುಟ್ಟಾ” ಅಂತ ಸವರುವುದನ್ನು ನಿಲ್ಲಿಸಿದೆ. ಆ ಸವರುವಿಕೆ ನನಗಾಗಿತ್ತು. ಹಿಡಿ, ಚುಚ್ಚು, ಬಿಡು. ಒಂದು ನಿಮಿಷ. ಬಾಕಿ ಎಪ್ಪತ್ತೊಂದು ಗಂಟೆ ಐವತ್ತೊಂಬತ್ತು ನಿಮಿಷ ಅದರದ್ದು. ನನ್ನ ಹಕ್ಕಿನ ಪ್ರಶ್ನೆಗೆ ಸಿಕ್ಕಿದ ಉತ್ತರ ಇಷ್ಟೇ: ಅದನ್ನು ಪೆಟ್ಟಿಗೆಯಲ್ಲಿಟ್ಟವರು ನಾವು, ಚಳಿಗೆ ಇಟ್ಟವಳು ನಾನು. ಚುಚ್ಚುವುದು ಹಕ್ಕಲ್ಲ, ನನ್ನ ಮೇಲಿರುವ ಸಾಲ. ಸಾಲ ತೀರಿಸುವವರು ಸಾಲ ಕೊಟ್ಟವರಿಂದ ಪ್ರೀತಿ ಕೇಳಬಾರದು.

ಇನ್ನೊಂದು ಲೆಕ್ಕ ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ನಾವು ಸಸ್ಯಾಹಾರಿಗಳು. ಗ್ಯಾರೇಜಿನ ಸಣ್ಣ ಫ್ರೀಜರಿನಲ್ಲಿ ಸಿರಿಂಜಿನ ಪಕ್ಕದಲ್ಲೇ ಇಲಿಗಳಿದ್ದವು. ಹನ್ನೆರಡು ದಿನಕ್ಕೊಂದು ಅಂದರೂ ವರ್ಷಕ್ಕೆ ಮೂವತ್ತು. ಜೋಳ ಬದುಕಿದರೆ ಇಲಿಗಳು ಸಾಯುತ್ತವೆ. ಹಾವಿನ ಉಸಿರಿಗೆ ಅತ್ತವಳು ಒಂದು ಇಲಿಗೂ ಅತ್ತಿಲ್ಲ. ಹಾವಿಗೆ ಹೆಸರಿದೆ, ಇಲಿಗಿಲ್ಲ, ಅಷ್ಟೇ ವ್ಯತ್ಯಾಸ. ಹಾವು ಕೊಂದರೆ ಅದು ಅದರ ಸ್ವಭಾವ, ಕೊಂದದ್ದನ್ನು ನಾನು ದುಡ್ಡು ಕೊಟ್ಟು ತಂದರೆ ಅದು ನನ್ನ ಆಯ್ಕೆ. ಜೋಳ ಇರುವಷ್ಟು ದಿನ ಇದನ್ನು ಹೊತ್ತುಕೊಂಡೇ ಇರಬೇಕು. ಅದರ ನಂತರ ನಮ್ಮ ಮನೆಗೆ ಇನ್ನೊಂದು ಹಾವು ಬರುವುದಿಲ್ಲ ಅನ್ನುವುದೊಂದೇ ನಾನು ಮಾಡಿಕೊಂಡಿರುವ ನಿರ್ಧಾರ.

ಸಿಳ್ಳೆ ನಿಂತಿದೆ. ಕಕ್ಕಿಕೊಂಡ ಮೇಲೆ ಎರಡು ವಾರ ಉಪವಾಸ ಬಿಟ್ಟು, ಸಣ್ಣ ಸಣ್ಣ ಇಲಿಯಿಂದ ಶುರು ಮಾಡಿದ್ದೆವು. ಅಡುಗೆಮನೆಯ ತಕ್ಕಡಿಯಲ್ಲಿ 390 ಗ್ರಾಂಗೆ ಇಳಿದಿದ್ದದ್ದು ಈಗ 460. ಪೂರ್ತಿ ವಾಸಿಯೇನಲ್ಲ, ಚಳಿ ಬಂದರೆ ಮತ್ತೆ ಮರುಕಳಿಸಬಹುದು ಅಂದಿದ್ದಾರೆ. ಹೆದರಿಕೆ ಅಂತೂ ಹಾಗೇ ಇದೆ. ಮುಚ್ಚಳ ತೆಗೆದರೆ ಈಗಲೂ ಬಾಲ ಅದುರುತ್ತದೆ.

ಮೊನ್ನೆ ಅಮ್ಮ ಕೇಳಿದಳು, “ಹೇಗಿದ್ದಾನೆ ನಿನ್ನ ನಾಗಪ್ಪ?”

“ಎರಡು ದಿನದಿಂದ ಕಾಣಿಸೇ ಇಲ್ಲಮ್ಮ, ಗೂಡೊಳಗಿದೆ.”

“ಹಂಗಾರೆ ಆರಾಮಾಗಿದೆ ಬಿಡು” ಅಂದಳು.